‘ಸ್ವಲ್ಪ ಕಮ್ಮಿ ಮಾಡ್ಕೊಳ್ಳಿ’: ರಾತ್ರಿ ಹತ್ತರ ಮೇಲಿನ ಕಾನೂನು ಮತ್ತು ಬೀದಿಯ ಚೌಕಾಸಿ

ರಾತ್ರಿ ಹನ್ನೆರಡೂವರೆ. ನಮ್ಮ ರಸ್ತೆಯ ಕೊನೆಯಲ್ಲಿ ಗಣೇಶನ ಪೆಂಡಾಲ್. ಅಡುಗೆಮನೆಯ ಸ್ಟ್ಯಾಂಡಿನಲ್ಲಿ ಬೋರಲು ಹಾಕಿದ್ದ ಸ್ಟೀಲ್ ಲೋಟಗಳು ಒಂದಕ್ಕೊಂದು ತಾಗಿ ಗಿಲಗಿಲ ಅನ್ನುತ್ತಿದ್ದವು. ಪಕ್ಕದ ಮನೆಯ ಅಜ್ಜಿಗೆ ಹಿಂದಿನ ವಾರವಷ್ಟೇ ಕಣ್ಣಿನ ಆಪರೇಷನ್ ಆಗಿತ್ತು. ಅವರ ಮಗ ತಡೆಯಲಾರದೆ 112ಕ್ಕೆ ಫೋನ್ ಮಾಡಿದರು. ಸ್ವಲ್ಪ ಹೊತ್ತಿಗೆ ಪೊಲೀಸ್ ಗಾಡಿ ಬಂತು. ಒಬ್ಬರು ಇಳಿದು, ‘ಏನ್ರಪ್ಪಾ, ಟೈಮ್ ಎಷ್ಟಾಯ್ತು? ಸ್ವಲ್ಪ ಕಮ್ಮಿ ಮಾಡ್ಕೊಳ್ಳಿ’ ಅಂದರು. ಹುಡುಗರು ‘ಆಯ್ತು ಸಾರ್, ಆಯ್ತು ಸಾರ್’ ಅಂದರು. ಹಾಡು ಇಳಿಯಿತು. ಗಾಡಿ ತಿರುವು ದಾಟಿತು. ವಿಚಿತ್ರ ಅಂದರೆ ಹಾಡು ಇಳಿದಾಗಲೂ ಲೋಟಗಳು ಮಾತ್ರ ಸುಮ್ಮನಾಗಿರಲಿಲ್ಲ. ಹತ್ತು ನಿಮಿಷಕ್ಕೆ ಹಾಡೂ ಮತ್ತೆ ಏರಿತು.

ಯಾರನ್ನೋ ಬೈಯೋಕೆ ಇದನ್ನು ಹೇಳುತ್ತಿಲ್ಲ. ಬಂದವರು ಜಗಳ ಆಗದ ಹಾಗೆ ನೋಡಿಕೊಂಡರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಆದರೆ ‘ಕಮ್ಮಿ ಮಾಡ್ಕೊಳ್ಳಿ’ ಅನ್ನೋ ಮಾತು ಕಾನೂನಿನಲ್ಲಿ ಎಲ್ಲೂ ಇಲ್ಲ. ಆ ಹೊತ್ತಿನಲ್ಲಿ ಕಾನೂನು ಹೇಳೋದು ‘ನಿಲ್ಲಿಸಿ’ ಅಂತ. ಪುಸ್ತಕದಲ್ಲಿ ಇಷ್ಟು ಖಡಕ್ಕಾಗಿರುವ ನಿಯಮ ಬೀದಿಗೆ ಬರುವಾಗ ಸಂತೆಯ ಚೌಕಾಸಿ ಆಗೋದು ಹೇಗೆ? ಪೊಲೀಸರ ಸೋಮಾರಿತನ, ಜನರ ದುರಹಂಕಾರ ಅಂತ ಹೇಳಿ ಕೈ ತೊಳೆದುಕೊಳ್ಳಬಹುದು. ನನಗೆ ಅದು ಅರ್ಧ ಉತ್ತರ ಅನಿಸುತ್ತದೆ. ಈ ಚೌಕಾಸಿಗೆ ಜಾಗ ಮಾಡಿಕೊಟ್ಟಿರುವುದು ಕಾನೂನಿನ ಕಟ್ಟಡವೇ.

ಮೊದಲು ನಿಯಮ ಏನು ಅಂತ ನೋಡೋಣ. ನಮ್ಮಲ್ಲಿ ಶಬ್ದಕ್ಕೆ ಅಂತಲೇ ಇರೋದು 2000ದ ಶಬ್ದ ಮಾಲಿನ್ಯ ನಿಯಮಗಳು. 1986ರ ಪರಿಸರ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ ಕೇಂದ್ರ ಸರ್ಕಾರ ಮಾಡಿದ್ದು, ಜಾರಿ ಮಾಡಬೇಕಾದದ್ದು ರಾಜ್ಯ. ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ಹಗಲು, ಉಳಿದದ್ದು ರಾತ್ರಿ. ಮನೆಗಳಿರುವ ಪ್ರದೇಶದಲ್ಲಿ ಹಗಲಿಗೆ 55 ಡೆಸಿಬಲ್, ರಾತ್ರಿಗೆ 45. ಅಂಗಡಿ ಬೀದಿಗೆ 65 ಮತ್ತು 55. ಕೈಗಾರಿಕಾ ಪ್ರದೇಶಕ್ಕೆ 75 ಮತ್ತು 70. ಆಸ್ಪತ್ರೆ, ಶಾಲೆ, ಕೋರ್ಟುಗಳ ಸುತ್ತ 100 ಮೀಟರನ್ನು ಮೌನ ವಲಯ ಅಂತ ಸರ್ಕಾರ ಘೋಷಿಸಬಹುದು, ಅಲ್ಲಿ 50 ಮತ್ತು 40. ‘ಘೋಷಿಸಬಹುದು’ ಅನ್ನೋದನ್ನು ಗಮನಿಸಿ. 2017ರ ತಿದ್ದುಪಡಿಯ ನಂತರ, ಸರ್ಕಾರ ಘೋಷಿಸದೆ ಯಾವ ಜಾಗವೂ ತಾನಾಗಿ ಮೌನ ವಲಯ ಆಗುವುದಿಲ್ಲ. ಆಸ್ಪತ್ರೆಯ ಮುಂದೆ ಹಾರ್ನ್ ಮಾಡಬೇಡಿ ಅಂತ ಬೋರ್ಡ್ ಇದೆ ಅಂದ ಮಾತ್ರಕ್ಕೆ ಕಾನೂನು ಅಲ್ಲಿಗೆ ಬಂದಿದೆ ಅಂತ ಅರ್ಥ ಅಲ್ಲ.

ಇದಿಷ್ಟೂ ಡೆಸಿಬಲ್ ಕಥೆ. ಧ್ವನಿವರ್ಧಕದ ಕಥೆ ಬೇರೆ. ಅದು ಐದನೇ ನಿಯಮದಲ್ಲಿದೆ. ಒಂದು, ಲಿಖಿತ ಅನುಮತಿ ಇಲ್ಲದೆ ಧ್ವನಿವರ್ಧಕ ಹಚ್ಚೋ ಹಾಗಿಲ್ಲ, ಹಗಲಾದರೂ ಸರಿ. ಎರಡು, ರಾತ್ರಿ ಹತ್ತರ ಮೇಲೆ ಬಯಲಲ್ಲಿ ಹಚ್ಚೋ ಹಾಗೇ ಇಲ್ಲ. ನಾಲ್ಕು ಗೋಡೆಯ ಒಳಗೆ, ಒಳಗಿನವರಿಗೆ ಕೇಳುವಷ್ಟು, ಸಭಾಂಗಣ, ಸಮುದಾಯ ಭವನದಂಥ ಕಡೆ ಮಾತ್ರ ಬಳಸಬಹುದು. ಇಲ್ಲವೇ ಸಾರ್ವಜನಿಕ ತುರ್ತು ಪರಿಸ್ಥಿತಿ ಇರಬೇಕು. ಛತ್ರದ ಒಳಗಿನ ಹಾಲ್ ಇದಕ್ಕೆ ಸೇರುತ್ತದೆ. ಅದೇ ಛತ್ರದ ಪಾರ್ಕಿಂಗ್‌ನಲ್ಲಿ ಸ್ಟೇಜ್ ಹಾಕಿ ಆರ್ಕೆಸ್ಟ್ರಾ ನಡೆಸಿದರೆ ಸೇರುವುದಿಲ್ಲ. ಟೆರೇಸ್ ಮೇಲಿನ ಪಾರ್ಟಿಯೂ ಅಷ್ಟೇ.

ಈ ಎರಡನೇ ಅಂಶದಲ್ಲಿ ಡೆಸಿಬಲ್ ಮಾತೇ ಇಲ್ಲ. ಹತ್ತರ ಮೇಲೆ ಬಯಲಲ್ಲಿ ಸ್ಪೀಕರ್ ಹಾಡುತ್ತಿದ್ದರೆ ಅದು ಎಷ್ಟು ಡೆಸಿಬಲ್ ಅನ್ನೋ ಪ್ರಶ್ನೆ ಹುಟ್ಟುವುದೇ ಇಲ್ಲ. ಮೀಟರ್ ಬೇಡ, ತಜ್ಞರು ಬೇಡ, ಕೈಗಡಿಯಾರ ಸಾಕು. ಆದರೂ ದೂರು ಕೊಡಲು ಹೋದವರಿಗೆ ಎಷ್ಟೋ ಸಲ ಸಿಗುವ ಉತ್ತರ ‘ಅಳತೆ ಮಾಡೋ ಮೆಷಿನ್ ನಮ್ಮ ಹತ್ರ ಇಲ್ಲ’. 2010ರಲ್ಲಿ ದೂರಿನ ನಿಯಮವನ್ನೂ ತಿದ್ದಿದ್ದಾರೆ. ಮಿತಿಗಿಂತ 10 ಡೆಸಿಬಲ್ ಜಾಸ್ತಿ ಇದ್ದರೆ ದೂರು ಕೊಡಬಹುದು ಅಂತ ಮೊದಲು ಇತ್ತು. ಈಗ ರಾತ್ರಿಯ ನಿರ್ಬಂಧ ಮುರಿದರೂ ಕೊಡಬಹುದು. ಅಂದರೆ ಹಗಲಿನ ಜಗಳಕ್ಕೆ ಮೀಟರ್ ಬೇಕು, ರಾತ್ರಿಯ ಜಗಳಕ್ಕೆ ಬೇಡ. ಇದು ಠಾಣೆಯವರಿಗೂ ಗೊತ್ತಿಲ್ಲ, ದೂರು ಕೊಡುವವರಿಗೂ ಗೊತ್ತಿಲ್ಲ ಅನ್ನೋದೇ ಮೊದಲ ಸಮಸ್ಯೆ.

2010ರ ತಿದ್ದುಪಡಿಯಲ್ಲಿ ಇನ್ನೂ ಒಂದಿಷ್ಟು ಇದೆ, ಅದರ ಸುದ್ದಿ ಯಾರೂ ಎತ್ತಲ್ಲ. ಮನೆಗಳಿರುವ ಪ್ರದೇಶದಲ್ಲಿ ರಾತ್ರಿ ಹಾರ್ನ್ ಹೊಡೆಯುವಂತಿಲ್ಲ. ಶಬ್ದ ಮಾಡುವ ಪಟಾಕಿ ರಾತ್ರಿ ಸುಡುವಂತಿಲ್ಲ. ಕಟ್ಟಡ ಕೆಲಸದ ಗದ್ದಲದ ಯಂತ್ರಗಳನ್ನು ರಾತ್ರಿ ಓಡಿಸುವಂತಿಲ್ಲ. ಬಡಾವಣೆಯ ಸಣ್ಣ ರಸ್ತೆಗೆ ಹತ್ತೂವರೆಗೆ ಬೋರ್‌ವೆಲ್ ಲಾರಿ ನುಗ್ಗಿ, ಬೆಳಗಿನ ಜಾವದವರೆಗೆ ಕಂಪ್ರೆಸರ್ ಬೊಬ್ಬೆ ಹಾಕಿ, ಮಾರನೇ ದಿನ ಇಡೀ ಬೀದಿಗೆ ಬಿಳಿ ಧೂಳು ಬಳಿದು ಹೋಗುವುದನ್ನು ನೋಡಿದವರು ನಮ್ಮಲ್ಲಿ ಕಮ್ಮಿ ಏನಿಲ್ಲ. ‘ಹಗಲು ಲಾರಿ ಸಿಗಲ್ಲ ಸಾರ್’ ಅನ್ನೋದು ಕಾರಣ. ನೀರು ಬೇಕಾದವರ ಕಷ್ಟ ನಿಜ. ಅದು ನಿಯಮದಲ್ಲಿ ವಿನಾಯಿತಿ ಅಲ್ಲ ಅನ್ನೋದೂ ನಿಜ.

ಈ ನಿಯಮಗಳಿಗೆ ಹಲ್ಲು ಬಂದದ್ದು ಒಂದು ಘೋರ ಘಟನೆಯಿಂದ. 1998ರ ಜನವರಿಯಲ್ಲಿ ಪತ್ರಿಕೆಗಳಲ್ಲಿ ಒಂದು ಸುದ್ದಿ ಬಂದಿತ್ತು. ಹದಿಮೂರು ವರ್ಷದ ಹುಡುಗಿಯ ಮೇಲೆ ಅತ್ಯಾಚಾರ ನಡೆದಿತ್ತು. ಅವಳ ಕೂಗು ಪಕ್ಕದಲ್ಲೇ ಮೊಳಗುತ್ತಿದ್ದ ಧ್ವನಿವರ್ಧಕದ ಹಾಡಿನಲ್ಲಿ ಯಾರಿಗೂ ಕೇಳಿಸಿರಲಿಲ್ಲ. ಅವಳು ಬೆಂಕಿ ಹಚ್ಚಿಕೊಂಡು ಸತ್ತಳು. ಇದನ್ನು ಮುಂದಿಟ್ಟುಕೊಂಡು ಒಬ್ಬ ಎಂಜಿನಿಯರ್ ಸುಪ್ರೀಂ ಕೋರ್ಟಿಗೆ ಹೋದರು. 2005ರ ಜುಲೈ 18ರಂದು ಮುಖ್ಯ ನ್ಯಾಯಮೂರ್ತಿ ಆರ್.ಸಿ. ಲಹೋಟಿ ಅವರ ಪೀಠ ತೀರ್ಪು ಕೊಟ್ಟಿತು. ನೆಮ್ಮದಿಯಾಗಿ ಬದುಕುವುದೂ ಬದುಕುವ ಹಕ್ಕಿನ ಭಾಗ, ಮಾತಾಡುವ ಸ್ವಾತಂತ್ರ್ಯ ಇದೆ ಅಂತ ಇಷ್ಟವಿಲ್ಲದವರ ಕಿವಿಗೆ ಅದನ್ನು ತುರುಕುವ ಹಕ್ಕಿಲ್ಲ ಅನ್ನೋದು ಅದರ ತಿರುಳು. ಮಿತಿ ಮೀರಿದ ಧ್ವನಿವರ್ಧಕ, ಆಂಪ್ಲಿಫೈಯರ್‌ಗಳನ್ನು ಜಪ್ತಿ ಮಾಡಲು ರಾಜ್ಯಗಳು ವ್ಯವಸ್ಥೆ ಮಾಡಬೇಕು ಅಂತಲೂ ಹೇಳಿತು. ಅದಕ್ಕೂ ಮೊದಲು, 2000ದ ಆಗಸ್ಟ್‌ನಲ್ಲಿ, ಚೆನ್ನೈನ ಒಂದು ಚರ್ಚ್‌ನ ಪ್ರಕರಣದಲ್ಲಿ ಇದೇ ಕೋರ್ಟು, ಬೇರೆಯವರ ಶಾಂತಿ ಕೆಡಿಸಿ ಪ್ರಾರ್ಥನೆ ಮಾಡಿ ಅಂತ ಯಾವ ಧರ್ಮವೂ ಹೇಳುವುದಿಲ್ಲ ಅಂದಿತ್ತು.

ಇಷ್ಟೆಲ್ಲ ಇದ್ದೂ ಚೌಕಾಸಿ ಯಾಕೆ? ಶಿಕ್ಷೆಯ ಕಡೆ ಬನ್ನಿ. ನನ್ನ ಪ್ರಕಾರ ಅಸಲು ವಿಷಯ ಅಲ್ಲಿದೆ.

ಪರಿಸರ ಕಾಯ್ದೆಯ 15ನೇ ಕಲಮಿನಲ್ಲಿ ಮೊದಲು 5 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಇತ್ತು. ಕೇಳೋಕೆ ಭಯಂಕರ. ಆದರೆ ರಾತ್ರಿ ಮೈಕ್ ಹಚ್ಚಿದ್ದಕ್ಕೆ ಹುಡುಗರನ್ನು ಐದು ವರ್ಷ ಒಳಗೆ ಹಾಕುವ ಧೈರ್ಯ ಯಾರಿಗಿದೆ? ಅಷ್ಟು ದೊಡ್ಡ ದೊಣ್ಣೆಯನ್ನು ಅಷ್ಟು ಸಣ್ಣ ಕೆಲಸಕ್ಕೆ ಯಾರೂ ಎತ್ತಲಿಲ್ಲ. ಆಮೇಲೆ 2023ರ ಜನ ವಿಶ್ವಾಸ ಕಾಯ್ದೆ ಬಂತು. 2024ರ ಏಪ್ರಿಲ್ 1ರಿಂದ ಪರಿಸರ ಕಾಯ್ದೆಯ ಆ ಜೈಲು ಹೋಯಿತು. ಅದರ ಬದಲು 10 ಸಾವಿರದಿಂದ 15 ಲಕ್ಷ ರೂಪಾಯಿವರೆಗೆ ದಂಡ. ದಂಡ ಕಟ್ಟದೇ ಇದ್ದರೆ ಮಾತ್ರ ಜೈಲಿನ ಮಾತು. ಒಳ್ಳೇದೇ ಆಯ್ತಲ್ಲ ಅನಿಸಬಹುದು. ಆದರೆ ಈ ದಂಡ ಹಾಕುವವರು ಯಾರು? ಕೇಂದ್ರದ ಜಂಟಿ ಕಾರ್ಯದರ್ಶಿ ಅಥವಾ ರಾಜ್ಯದ ಕಾರ್ಯದರ್ಶಿ ದರ್ಜೆಗೆ ಕಮ್ಮಿ ಇಲ್ಲದ ಅಧಿಕಾರಿ. ವಿಚಾರಣೆ ನಡೆಸಿ, ಎರಡೂ ಕಡೆ ಕೇಳಿ, ಆದೇಶ ಬರೆಯಬೇಕು. ಕಾರ್ಖಾನೆ ಹೊಗೆಗೆ ಇದು ಸರಿಯಾದ ದಾರಿ ಇರಬಹುದು. ಪೆಂಡಾಲಿನ ಸ್ಪೀಕರಿಗೆ? ನಡುರಾತ್ರಿ ಜೀಪಿನಿಂದ ಇಳಿದ ಎಎಸ್‌ಐ ಕೈಯಲ್ಲಿ ಈ ಕಾಯ್ದೆಯಿಂದ ಏನೂ ಉಳಿಯಲಿಲ್ಲ.

ಅವರ ಕೈಯಲ್ಲಿ ಉಳಿದಿರೋದು ಭಾರತೀಯ ನ್ಯಾಯ ಸಂಹಿತೆ. ಅದರ 270ನೇ ಕಲಮು ಸಾರ್ವಜನಿಕ ಉಪದ್ರವ ಅಂದರೇನು ಅಂತ ಹೇಳುತ್ತದೆ. ಸುತ್ತಮುತ್ತ ವಾಸ ಮಾಡುವ ಜನರಿಗೆ ತೊಂದರೆ, ಅಪಾಯ, ಕಿರಿಕಿರಿ ಕೊಡುವ ಯಾವ ಕೆಲಸವೂ ಉಪದ್ರವವೇ. ಅದರಿಂದ ಬೇರೆ ಯಾರಿಗೋ ಅನುಕೂಲ ಆಗುತ್ತದೆ ಅನ್ನೋದು ನೆಪ ಆಗುವುದಿಲ್ಲ ಅಂತ ಅದೇ ಕಲಮು ಚೆನ್ನಾಗಿ ಬಿಡಿಸಿ ಹೇಳಿದೆ. ಶಿಕ್ಷೆ 292ರಲ್ಲಿದೆ. 1,000 ರೂಪಾಯಿವರೆಗೆ ದಂಡ. ಅಷ್ಟೇ. ಹಳೇ ದಂಡ ಸಂಹಿತೆಯಲ್ಲಿ ಇದು 200 ರೂಪಾಯಿ ಇತ್ತು. 1860ರಲ್ಲಿ ಬ್ರಿಟಿಷರು ಬರೆದ 200. ಆಗ ಅದು ದೊಡ್ಡ ಗಂಟು. 164 ವರ್ಷ ಅದನ್ನು ಯಾರೂ ಮುಟ್ಟಲಿಲ್ಲ. 2024ರ ಜುಲೈ 1ರಿಂದ ಸಾವಿರ ಆಯಿತು. ಒಂದು ರಾತ್ರಿಯ ಡಿಜೆ ಬಾಡಿಗೆಯ ಮುಂದೆ ಸಾವಿರ ರೂಪಾಯಿ ಯಾವ ಲೆಕ್ಕ? ಅದನ್ನೂ ಖರ್ಚಿನ ಪಟ್ಟಿಗೆ ಸೇರಿಸಿಕೊಳ್ಳಬಹುದು, ಪ್ರಸಾದದ ಖರ್ಚಿನ ಕೆಳಗೆ ಒಂದು ಸಾಲು.

ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. 292 ಅಸಂಜ್ಞೇಯ ಅಪರಾಧ. ಠಾಣೆಯ ಭಾಷೆಯಲ್ಲಿ ಹೇಳಬೇಕು ಅಂದರೆ ಎಫ್‌ಐಆರ್ ಆಗಲ್ಲ, ಎನ್‌ಸಿಆರ್ (ಅಸಂಜ್ಞೇಯ ವರದಿ) ಆಗುತ್ತೆ. ಮ್ಯಾಜಿಸ್ಟ್ರೇಟರ ಅನುಮತಿ ಇಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ, ವಾರಂಟ್ ಇಲ್ಲದೆ ಹಿಡಿಯುವಂತಿಲ್ಲ. ಈಗ ಆ ಎಎಸ್‌ಐ ಜಾಗದಲ್ಲಿ ನಿಂತು ಯೋಚಿಸಿ. ಎದುರಿಗೆ ನೂರೈವತ್ತು ಜನ, ಅರ್ಧಕ್ಕರ್ಧ ಕುಣಿಯುತ್ತಿದ್ದಾರೆ. ಜೊತೆಗೆ ಒಬ್ಬ ಕಾನ್‌ಸ್ಟೇಬಲ್, ಒಬ್ಬ ಡ್ರೈವರ್. ವೈರ್ ಕಿತ್ತರೆ ‘ದೇವರ ಉತ್ಸವ ನಿಲ್ಲಿಸಿದರು’ ಅಂತ ಬೆಳಿಗ್ಗೆ ಠಾಣೆ ಮುಂದೆ ಧರಣಿ. ಲೋಕಲ್ ಲೀಡರ್ ಫೋನ್ ಆಗಲೇ ಬರೋಕೆ ಶುರುವಾಗಿರುತ್ತೆ. ಕೇಸು ಹಾಕಿದರೆ ಸಾವಿರ ರೂಪಾಯಿ, ಅದಕ್ಕೂ ಮ್ಯಾಜಿಸ್ಟ್ರೇಟರ ಹತ್ತಿರ ಹೋಗಬೇಕು. ‘ಸ್ವಲ್ಪ ಕಮ್ಮಿ ಮಾಡ್ಕೊಳ್ಳಿ’ ಅನ್ನದೆ ಇನ್ನೇನು ಅಂತಾರೆ?

ಕಾನೂನಿನಲ್ಲಿ ಬೇರೆ ದಾರಿಗಳೂ ಇಲ್ಲದೇ ಇಲ್ಲ. ಕರ್ನಾಟಕ ಪೊಲೀಸ್ ಕಾಯ್ದೆ, 1963ರ ಅಡಿಯಲ್ಲಿ ಬೀದಿಯ ಸಂಗೀತ, ಗದ್ದಲಕ್ಕೆ ಕಡಿವಾಣ ಹಾಕುವ ಅಧಿಕಾರ ಪೊಲೀಸರಿಗಿದೆ. ಶಬ್ದ ನಿಯಮಗಳ ಎಂಟನೇ ನಿಯಮದಲ್ಲಿ, ಕಮಿಷನರ್ ಅಥವಾ ಜಿಲ್ಲಾಧಿಕಾರಿ ಅಥವಾ ಇದಕ್ಕೆಂದೇ ನೇಮಕವಾದ, ಡಿವೈಎಸ್‌ಪಿ ದರ್ಜೆಗೆ ಕಮ್ಮಿ ಇಲ್ಲದ ಅಧಿಕಾರಿ ‘ಇದನ್ನು ನಿಲ್ಲಿಸಿ’ ಅಂತ ಲಿಖಿತ ಆದೇಶ ಕೊಡಬಹುದು. ಕಾನೂನಿನ ತಿರುಗಣಿ ಇರೋದು ಈ ಲಿಖಿತ ಆದೇಶದಲ್ಲಿ. ಬಾಯಿಮಾತಿನ ‘ಕಮ್ಮಿ ಮಾಡಿ’ಯನ್ನು ಮೀರಿದರೆ ಏನೂ ಆಗಲ್ಲ. ಅಧಿಕಾರಿಯ ಲಿಖಿತ ಆದೇಶ ಮೀರಿದರೆ ನ್ಯಾಯ ಸಂಹಿತೆಯ 223ನೇ ಕಲಮು ಬರುತ್ತದೆ. ನಿಲ್ಲಿಸಿ ಅಂತ ಆದೇಶ ಆದಮೇಲೂ ಉಪದ್ರವ ಮುಂದುವರಿಸಿದರೆ 293, ಆರು ತಿಂಗಳವರೆಗೆ ಸಾದಾ ಸಜೆ, 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಅಂದರೆ ಕಾಗದ ಇದ್ದರೆ ಅದೇ ಗದ್ದಲ ಬೇರೆ ಅಪರಾಧ ಆಗುತ್ತದೆ. ಆದರೆ ಗಾಡಿಯಲ್ಲಿ ಬಂದವರ ಹತ್ತಿರ ಆ ಕಾಗದ ಇರುವುದಿಲ್ಲ. ಅದಕ್ಕೆ ಸಹಿ ಹಾಕಬೇಕಾದವರು ಆ ಹೊತ್ತಿಗೆ ನಿದ್ದೆಯಲ್ಲಿರುತ್ತಾರೆ, ಅವರ ಮನೆ ಹತ್ತಿರ ಪೆಂಡಾಲ್ ಇಲ್ಲದಿದ್ದರೆ.

ಈಗ ಇನ್ನೊಂದು ಕಡೆಯಿಂದ ನೋಡೋಣ. ನಾನು ನಿದ್ದೆಗೆಟ್ಟವರ ಪರ ಬರೆಯುತ್ತಿದ್ದೇನೆ, ನಿಜ. ಆದರೆ ಈ ನಿಯಮ ಎಷ್ಟು ಬಿಗಿ ಅನ್ನೋದನ್ನೂ ಹೇಳದಿದ್ದರೆ ಅನ್ಯಾಯ ಆಗುತ್ತದೆ. 2010ರ ನಂತರ ರಾತ್ರಿಯ ನಿಷೇಧ ಬರೀ ಧ್ವನಿವರ್ಧಕಕ್ಕಲ್ಲ. ಶಬ್ದ ಹೊರಡಿಸುವ ಉಪಕರಣ, ಸಂಗೀತ ವಾದ್ಯ, ಎಲ್ಲ ಅದರೊಳಗೆ ಬಂದಿವೆ. ಅಂದರೆ ಮೈಕ್ ಇಲ್ಲದ ಚೆಂಡೆಯೂ ಬಂತು, ಡೊಳ್ಳೂ ಬಂತು, ಜಾತ್ರೆಯ ನಗಾರಿಯೂ ಬಂತು. ವಿನಾಯಿತಿ ಒಂದೇ. ಸಾಂಸ್ಕೃತಿಕ, ಧಾರ್ಮಿಕ ಹಬ್ಬಗಳಿಗೆ ರಾಜ್ಯ ಸರ್ಕಾರ ವರ್ಷಕ್ಕೆ ಒಟ್ಟು 15 ದಿನ ಮೀರದಂತೆ, ಅದೂ ರಾತ್ರಿ 12ರವರೆಗೆ ಮಾತ್ರ, ರಿಯಾಯಿತಿ ಕೊಡಬಹುದು. ಯಾವ ದಿನಗಳು ಅಂತ ಮೊದಲೇ ಹೇಳಬೇಕು. 2005ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟು ಈ ರಿಯಾಯಿತಿಯನ್ನು ಎತ್ತಿಹಿಡಿಯಿತು.

ಹದಿನೈದು ದಿನ. ಇದನ್ನು ಕರಾವಳಿಗೆ ತೆಗೆದುಕೊಂಡು ಹೋಗಿ ನೋಡಿ. ಯಕ್ಷಗಾನ ಮೇಳಗಳ ತಿರುಗಾಟ ದೀಪಾವಳಿಯ ಆಸುಪಾಸಿನಲ್ಲಿ ಶುರುವಾದರೆ ಮೇ ತಿಂಗಳ ಪತ್ತನಾಜೆವರೆಗೆ (ತುಳುನಾಡಿನಲ್ಲಿ ತಿರುಗಾಟ ಮುಗಿಯುವ ದಿನ), ಹತ್ತಿರ ಹತ್ತಿರ ಆರು ತಿಂಗಳು. ದಿನಕ್ಕೊಂದು ಊರು, ಒಂದು ಗದ್ದೆ, ಒಂದು ರಂಗಸ್ಥಳ. ಕಟೀಲು ದೇವಸ್ಥಾನದ ಮೇಳದ ಆಟ ಅಂದರೆ ಹರಕೆಯ ಆಟ. ಇವತ್ತು ಬುಕ್ ಮಾಡಿದರೆ ಸರದಿ ಬರೋಕೆ ವರ್ಷಗಟ್ಟಲೆ ಕಾಯಬೇಕು. ಆಟ ರಾತ್ರಿ ಏರುತ್ತ ಹೋಗಿ ಬೆಳಗಿನ ಜಾವಕ್ಕೆ ಮಂಗಳ ಹಾಡಬೇಕು. ನಡುರಾತ್ರಿಯ ಮೇಲೆ ಬರುವ ಬಣ್ಣದ ವೇಷಕ್ಕೆ ಕಾದು ಕೂತವರಿಗೆ ಅದೇ ಆಟದ ಜೀವ. ಇದು ಯಾವ 15 ದಿನದ ಲೆಕ್ಕಕ್ಕೂ ಸಿಗುವುದಿಲ್ಲ. 2022ರಲ್ಲಿ ರಾಜ್ಯದಲ್ಲಿ ಧ್ವನಿವರ್ಧಕ ನಿಯಮ ಬಿಗಿಯಾದಾಗ, ಆ ವರ್ಷದ ತಿರುಗಾಟದಿಂದ ಕಟೀಲು ಮೇಳಗಳು ಕಾಲಮಿತಿ ಆಟಕ್ಕೆ ಹೊರಳಿದವು. ಸಂಜೆ ಶುರು, ನಡುರಾತ್ರಿಯ ಹೊತ್ತಿಗೆ ಮುಕ್ತಾಯ. ಭಕ್ತರಿಗೆ ಸಮಾಧಾನ ಆಗಲಿಲ್ಲ. ವಿಷಯ ಹೈಕೋರ್ಟಿಗೆ ಹೋಯಿತು. 2024ರ ಜನವರಿಯಲ್ಲಿ, ಮಕರ ಸಂಕ್ರಾಂತಿಯ ಹೊತ್ತಿಗೆ, ಮೇಳಗಳು ಮತ್ತೆ ಬೆಳಗಿನವರೆಗಿನ ಆಟಕ್ಕೆ ಮರಳಿದವು.

ಕಾಲಮಿತಿ ಆಟ ಕಾನೂನಿನಿಂದಲೇ ಹುಟ್ಟಿದ್ದಲ್ಲ ಅನ್ನೋದನ್ನೂ ಹೇಳಬೇಕು. ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೋಗಬೇಕಾದ ಪ್ರೇಕ್ಷಕರನ್ನು ನೋಡಿಕೊಂಡು ಕೆಲವು ಮೇಳಗಳು ತಾವಾಗಿಯೇ ಮೊದಲೇ ಅದಕ್ಕೆ ಬಂದಿದ್ದವು. ನನ್ನ ಪ್ರಶ್ನೆ ಬೇರೆ. ಗದ್ದೆಯ ನಡುವೆ ವರ್ಷಕ್ಕೊಮ್ಮೆ ನಡೆಯುವ ಬಯಲಾಟ, ಮೂವತ್ತಡಿ ರಸ್ತೆಯ ಎರಡೂ ಕಡೆ ಮೂರಂತಸ್ತಿನ ಮನೆಗಳಿರುವ ಬಡಾವಣೆಯ ಡಿಜೆ, ಎರಡಕ್ಕೂ ಒಂದೇ ಸಾಲಿನ ಕಾನೂನು. ಎಲ್ಲರೂ ಮುರಿಯಲೇಬೇಕಾದಷ್ಟು ಬಿಗಿ ನಿಯಮ ಮಾಡಿದರೆ, ಯಾರ ಮೇಲೆ ಹಾಕಬೇಕು, ಯಾರನ್ನು ಬಿಡಬೇಕು ಅನ್ನೋದು ಅಧಿಕಾರಿಯ ಮರ್ಜಿಗೆ ಬಿಟ್ಟ ಹಾಗೆ. ಮರ್ಜಿ ಇರುವ ಕಡೆ ವಶೀಲಿ ಇರುತ್ತೆ. ಊರಿನ ದೊಡ್ಡವರ ಉತ್ಸವಕ್ಕೆ ಗಡಿಯಾರ ನಿಧಾನ, ಬಡಪಾಯಿಗಳ ನಾಟಕಕ್ಕೆ ಗಡಿಯಾರ ಜೋರು.

2022ರಲ್ಲಿ ನಡೆದದ್ದೂ ಇದೇ. ಆ ವರ್ಷ ಬೇಸಿಗೆಯಲ್ಲಿ ಆಜಾನ್ ಮತ್ತು ಭಜನೆಯ ಪೈಪೋಟಿ ಎಷ್ಟು ಬಿಸಿಯಾಗಿತ್ತು ಅಂತ ಎಲ್ಲರಿಗೂ ನೆನಪಿದೆ. 22 ವರ್ಷ ಹಳೆಯ ನಿಯಮ ದಿಢೀರ್ ಅಂತ ಎಲ್ಲರ ಬಾಯಿಪಾಠ ಆಯಿತು, ಆದರೆ ಪಕ್ಕದವರ ಸ್ಪೀಕರಿಗೆ ಮಾತ್ರ. ಮೇ 10ರಂದು ಸರ್ಕಾರ ಆದೇಶ ಹೊರಡಿಸಿತು. ಲಿಖಿತ ಅನುಮತಿ ಇಲ್ಲದವರು 15 ದಿನದಲ್ಲಿ ಪಡೆಯಬೇಕು, ಇಲ್ಲದಿದ್ದರೆ ಧ್ವನಿವರ್ಧಕ ಇಳಿಸಬೇಕು. ಆಗಸ್ಟ್‌ನಲ್ಲಿ ಹೈಕೋರ್ಟು, ಆಜಾನಿನ ಮಾತುಗಳು ಬೇರೆ ಧರ್ಮದವರ ಹಕ್ಕಿಗೆ ಧಕ್ಕೆ ತರುತ್ತವೆ ಅನ್ನೋ ವಾದ ಒಪ್ಪಲಿಲ್ಲ. ಆದರೆ ಧ್ವನಿವರ್ಧಕದ ನಿಯಮ ಎಲ್ಲರಿಗೂ ಜಾರಿ ಆಗಬೇಕು ಅಂತ ಅಧಿಕಾರಿಗಳಿಗೆ ಹೇಳಿತು. ನನಗೆ ಇದು ಸರಿಯಾದ ಗೆರೆ ಅನಿಸುತ್ತದೆ. ಸ್ಪೀಕರಿನಲ್ಲಿ ಏನು ಹೇಳುತ್ತಾರೆ ಅನ್ನೋದು ನಿಯಮಕ್ಕೆ ಸಂಬಂಧವೇ ಇಲ್ಲ. ಬೆಳಿಗ್ಗೆ ಆರರ ಒಳಗಿನ ಆಜಾನ್ ಅದಕ್ಕೆ ಒಂದೇ, ಐದು ಗಂಟೆಯ ಸುಪ್ರಭಾತವೂ ಒಂದೇ, ನಾಯಕರ ಹುಟ್ಟುಹಬ್ಬದ ಆರ್ಕೆಸ್ಟ್ರಾವೂ ಒಂದೇ.

ಮತ್ತೆ ಲೋಟಗಳ ವಿಷಯಕ್ಕೆ ಬರ್ತೀನಿ. ಡೆಸಿಬಲ್ ಲೆಕ್ಕ ಕಿಲೋ, ಲೀಟರಿನ ಲೆಕ್ಕದ ಹಾಗಲ್ಲ. 10 ಡೆಸಿಬಲ್ ಏರಿದರೆ ಶಬ್ದದ ಶಕ್ತಿ ಹತ್ತು ಪಟ್ಟು, ಕಿವಿಗೆ ಸುಮಾರು ಎರಡು ಪಟ್ಟು. ಬಯಲಲ್ಲಿ ದೂರ ಎರಡು ಪಟ್ಟಾದರೆ 6 ಡೆಸಿಬಲ್ ಇಳಿಯುತ್ತದೆ. ಒಂದು ಮೀಟರ್ ದೂರದಲ್ಲಿ 110 ತೋರಿಸುವ ಸ್ಪೀಕರ್ ಪೆಟ್ಟಿಗೆ ಅಂದುಕೊಳ್ಳಿ. ಹತ್ತು ಮೀಟರಿಗೆ 90. ನೂರು ಮೀಟರಿಗೆ 70. ನಡುವೆ ಏನೂ ಅಡ್ಡ ಇಲ್ಲದಿದ್ದರೆ, ರಾತ್ರಿಯ ಮಿತಿ 45ಕ್ಕೆ ಇಳಿಯಲು ಸುಮಾರು 1,800 ಮೀಟರ್ ಬೇಕು. ಊರಲ್ಲಿ ಗೋಡೆ, ಕಟ್ಟಡ ಅಡ್ಡ ಬರುತ್ತವೆ, ಅಷ್ಟು ದೂರ ಹೋಗಲ್ಲ, ಸರಿ. ಆದರೂ ‘ಸ್ವಲ್ಪ ಕಮ್ಮಿ’ ಅನ್ನೋದರಲ್ಲಿ ಏನೂ ಆಗಲ್ಲ ಅಂತ ಈ ಲೆಕ್ಕದಿಂದಲೇ ಗೊತ್ತಾಗುತ್ತೆ. ಪೆಟ್ಟಿಗೆ ಅರ್ಧಕ್ಕರ್ಧ ಕಮ್ಮಿ ಆಯಿತು ಅಂತ ಕಿವಿಗೆ ಅನಿಸಿದಾಗ ಇಳಿದದ್ದು ಬರೀ ಹತ್ತು. ನೂರು ಮೀಟರ್ ಆಚೆಯ ಮನೆಗೆ ಅದು 70ರಿಂದ 60 ಆಯಿತು, ಅಷ್ಟೇ.

ಇನ್ನೂ ಒಂದು ಕಿತಾಪತಿ ಇದೆ. ನಿಯಮದ ಅಳತೆ ಸುಮ್ನೆ ಡೆಸಿಬಲ್ ಅಲ್ಲ, ‘ಎ’ ತೂಕದ ಡೆಸಿಬಲ್. ಮನುಷ್ಯನ ಕಿವಿಗೆ ತೀರ ಕೆಳಗಿನ ಸ್ವರ ಕಮ್ಮಿ ಕೇಳಿಸುತ್ತೆ ಅಂತ ಮೀಟರ್ ಆ ಸ್ವರಗಳನ್ನು ಕಳೆದು ತೋರಿಸುತ್ತದೆ. 50 ಹರ್ಟ್ಜ್‌ನ ಧಡ್ ಧಡ್‌ನಲ್ಲಿ ಸುಮಾರು 30 ಡೆಸಿಬಲ್ ಕಳೆದುಬಿಡುತ್ತದೆ. ಮೆಲ್ಲಗಿನ ಶಬ್ದಕ್ಕೆ ಇದು ಸರಿ. ಡಿಜೆಯ ಬೇಸ್‌ಗೆ ಸರಿಯಲ್ಲ. ಹಾಡಿನ ಚೂಪು ಸ್ವರಗಳನ್ನು ಗೋಡೆ, ಕಿಟಕಿ ತಡೆಯುತ್ತವೆ. ಬೇಸ್ ಮಾತ್ರ ಗೋಡೆಯನ್ನು ದಾಟಿ ಬಂದು ಕಿಟಕಿಯ ಗಾಜನ್ನು, ಎದೆಯನ್ನು, ಲೋಟವನ್ನು ಅಲುಗಿಸುತ್ತದೆ. ಯಾವುದು ಜಾಸ್ತಿ ಕಾಡುತ್ತದೋ ಅದನ್ನೇ ಮೀಟರ್ ಕಮ್ಮಿ ತೋರಿಸುತ್ತದೆ. ಹೀಗಾಗಿ, ಹಗಲು ಹೊತ್ತಿನಲ್ಲಿ ಯಾರೋ ಪುಣ್ಯಾತ್ಮರು ಮೀಟರ್ ತಂದರೂ ‘ಅಷ್ಟೇನಿಲ್ವಲ್ಲಾ’ ಅನ್ನೋ ಉತ್ತರ ಬರಬಹುದು. ಹಬ್ಬದ ಸೀಸನ್‌ನಲ್ಲಿ ಕೆಲವು ಜಿಲ್ಲೆಗಳಲ್ಲಿ ಡೆಸಿಬಲ್ ಗೊಡವೆಗೇ ಹೋಗದೆ ಡಿಜೆಯೇ ಬೇಡ ಅಂತ ಆದೇಶ ಮಾಡೋದು ಇದಕ್ಕೇ ಇರಬೇಕು. ಒರಟು ಉಪಾಯ, ಆದರೆ ಸ್ಪಷ್ಟ. ಪೆಟ್ಟಿಗೆ ಊರೊಳಗೆ ಬರದೇ ಇದ್ದರೆ ನಡುರಾತ್ರಿ ಚೌಕಾಸಿ ಮಾಡೋ ಪ್ರಮೇಯವೇ ಬರಲ್ಲ.

ಹಾಗಾದರೆ ಏನು ಮಾಡಬಹುದು? ನಡೆಯುವಾಗ 112ಕ್ಕೆ ಫೋನ್ ಮಾಡೋದು ಬೇಕು, ಆ ಕರೆ ದಾಖಲೆ ಆಗಿ ಉಳಿಯುತ್ತೆ. ಫೋನಿನಲ್ಲಿ ‘ತುಂಬಾ ಸೌಂಡು’ ಅನ್ನಬೇಡಿ. ‘ಹತ್ತರ ಮೇಲೆ ಬಯಲಲ್ಲಿ ಧ್ವನಿವರ್ಧಕ ಹಾಕಿದ್ದಾರೆ’ ಅನ್ನಿ. ಮೊದಲನೆಯದು ಗೊಣಗಾಟ, ಎರಡನೆಯದು ನಿಯಮದ ಉಲ್ಲಂಘನೆ. ಆದರೆ ನಿಜವಾದ ಕೆಲಸ ಇರೋದು ಮಾರನೇ ದಿನ ಅಥವಾ ಇನ್ನೂ ಚೆನ್ನಾಗಿ ಅಂದರೆ ಹಿಂದಿನ ವಾರ. ಬಡಾವಣೆಯ ಹತ್ತು ಮನೆಯವರು ಸಹಿ ಹಾಕಿ, ಅನುಮತಿ ಕೊಡುವ ಅಧಿಕಾರಿಗೇ ಬರೆದುಕೊಡಬೇಕು, ಠಾಣೆಗೆ ಅದರ ಒಂದು ಪ್ರತಿ. ಒಬ್ಬರೇ ಹೋದರೆ ‘ಇವನೊಬ್ಬ ಕಿರಿಕ್ ಪಾರ್ಟಿ’ ಅಂತ ಹೆಸರು ಬೀಳುತ್ತೆ, ಹೆಸರು ಹೊರಗೆ ಬಿದ್ದರೆ ಕಿಟಕಿಗೆ ಕಲ್ಲೂ ಬೀಳುತ್ತೆ. ಹತ್ತು ಸಹಿಗೆ ಕಲ್ಲು ಹೊಡೆಯೋದು ಕಷ್ಟ.

ದಿನಾ ನಡೆಯುವ ಕಾಟ ಆದರೆ, ಅಂದರೆ ಪಕ್ಕದ ಛತ್ರವೋ, ರೂಫ್‌ಟಾಪ್ ಬಾರೋ, ಫ್ಯಾಬ್ರಿಕೇಷನ್ ಶೆಡ್ಡೋ ಇದ್ದರೆ, ಉಪವಿಭಾಗಾಧಿಕಾರಿಯ ಕಚೇರಿ ಇದೆ. ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮಿನಲ್ಲಿ, ಅಂದರೆ ಹಳೇ ದಂಡ ಪ್ರಕ್ರಿಯಾ ಸಂಹಿತೆಯ 133ರಲ್ಲಿ, ಸಾರ್ವಜನಿಕ ಉಪದ್ರವ ತೆಗೆಯಿರಿ ಅಂತ ಆದೇಶ ಮಾಡುವ ಅಧಿಕಾರ ಅವರಿಗಿದೆ. ಮಧ್ಯಪ್ರದೇಶದ ರತ್ಲಾಮ್‌ನಲ್ಲಿ ಒಂದು ವಾರ್ಡಿನ ಜನ ತೆರೆದ ಚರಂಡಿಯ ನಾತ ತಡೆಯಲಾರದೆ ಇದೇ ಕಲಮು ಹಿಡಿದುಕೊಂಡು ಹೊರಟರು. ಮ್ಯಾಜಿಸ್ಟ್ರೇಟ್ ಆದೇಶ ಮಾಡಿದರು, ದುಡ್ಡಿಲ್ಲ ಅಂತ ನಗರಸಭೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1980ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು, ದುಡ್ಡಿಲ್ಲ ಅನ್ನೋದು ಜನರ ಹಕ್ಕಿಗೆ ಉತ್ತರ ಅಲ್ಲ ಅಂದರು. ಆ ಕಲಮು ಇವತ್ತಿಗೂ ಇದೆ. ನಮ್ಮಲ್ಲಿ ಅದಕ್ಕೆ ಅರ್ಜಿ ಹಾಕಿದವರು ಸಿಗೋದೇ ಅಪರೂಪ, ಎಲ್ಲರೂ ನಡುರಾತ್ರಿಯ ಫೋನಿಗೇ ನಿಂತುಬಿಡುತ್ತೇವೆ.

ಸರ್ಕಾರ ಮಾಡಬೇಕಾದದ್ದು ದೊಡ್ಡ ಕೆಲಸ ಏನಲ್ಲ. ರಿಯಾಯಿತಿಯ ಆ 15 ದಿನ ಯಾವುವು ಅಂತ ವರ್ಷದ ಶುರುವಿನಲ್ಲೇ ಪ್ರತಿ ಠಾಣೆಯ ಬೋರ್ಡಿನಲ್ಲಿ ಹಾಕಬಹುದು. ಮೈಕ್ ಪರ್ಮಿಷನ್ ಕಾಗದದಲ್ಲಿ ಸೌಂಡ್ ಸಿಸ್ಟಮ್ ಮಾಲೀಕರ ಹೆಸರನ್ನೂ ಸೇರಿಸಿ, ಹತ್ತು ದಾಟಿದರೆ ಪೆಟ್ಟಿಗೆ ಜಪ್ತಿ ಅಂತ ಮೊದಲೇ ಬರೆಸಿಕೊಳ್ಳಬಹುದು. ಉತ್ಸವ ಸಮಿತಿ ವರ್ಷಕ್ಕೊಮ್ಮೆ ಹುಟ್ಟಿ ಕರಗಿ ಹೋಗುತ್ತೆ. ಸಾಲ ಮಾಡಿ ಪೆಟ್ಟಿಗೆ ತಂದ ಮಾಲೀಕ ವರ್ಷವಿಡೀ ಅಲ್ಲೇ ಇರುತ್ತಾನೆ. ಹತ್ತು ಗಂಟೆಗೆ ಪ್ಲಗ್ ತೆಗೆಯೋಕೆ ಅವನಿಗಿರುವಷ್ಟು ಕಾರಣ ಬೇರೆ ಯಾರಿಗೂ ಇಲ್ಲ.

ಇದನ್ನು ನಾನು ಒಬ್ಬ ಸೌಂಡ್ ಹುಡುಗನ ಹತ್ತಿರವೇ ಮಾತಾಡಿದೆ. ನೆಂಟರ ಮನೆಯ ಮದುವೆಗೆ ಬಂದಿದ್ದ. ಊಟ ಆದಮೇಲೆ ಮಿಕ್ಸರ್ ಪಕ್ಕ ಕೂತು ಎಲೆಅಡಿಕೆ ಹಾಕಿಕೊಳ್ಳುತ್ತಿದ್ದ. ‘ರಾತ್ರಿ ಪ್ರೋಗ್ರಾಮಲ್ಲಿ ಪೊಲೀಸ್ ಬಂದ್ರೆ ಏನಪ್ಪಾ ಮಾಡ್ತೀಯ?’ ಅಂದೆ. ನಕ್ಕ. ‘ಟಾಪ್, ಅಂದ್ರೆ ಚೂಪು ಸ್ವರ, ಇಳಿಸ್ತೀವಿ ಅಣ್ಣ. ಹಾಡು ಕಮ್ಮಿ ಆದಂಗೆ ಕೇಳ್ಸುತ್ತೆ. ಅವ್ರು ಹೊರಟೋಗ್ತಾರೆ.’

‘ಮತ್ತೆ ಬೇಸು?’

‘ಬೇಸ್ ಮುಟ್ಟಲ್ಲ ಅಣ್ಣ. ಬೇಸ್ ತೆಗೆದ್ರೆ ಕುಣಿಯೋರು ನನ್ನ ಬಿಡ್ತಾರಾ?’